ಹಳೆಯ ಬ್ಲೂಸ್ ಕಛೇರಿಯ ಅಪರೂಪದ ಟೇಪನ್ನು ಕೇಳುವ ಕ್ರಮ

ಹಳೆಯ ಕಛೇರಿಗಳ ಟೇಪನ್ನು ಜೋಪಾನ ಮಾಡುವ ರೂಢಿ ಬೆಂಗಳೂರಿಗೆ ಹೊಸದಲ್ಲ. ಚಾಮರಾಜಪೇಟೆಯ ಕೋಟೆ ಹೈಸ್ಕೂಲು ಮೈದಾನದಲ್ಲಿ ರಾಮನವಮಿಯ ಚಪ್ಪರದಡಿ ನಡೆದ ಕಛೇರಿಗಳನ್ನು ಮಡಿಲಲ್ಲಿಟ್ಟುಕೊಂಡ ರೆಕಾರ್ಡರಿನಲ್ಲಿ ತುಂಬಿಸಿಕೊಂಡು ಬಂದವರು, ಆಕಾಶವಾಣಿಯ ಪ್ರಸಾರವನ್ನು ರೇಡಿಯೊದ ಮುಂದೆ ಉಸಿರು ಬಿಗಿಹಿಡಿದು ಕೂತು ಕ್ಯಾಸೆಟ್ಟಿಗೆ ಇಳಿಸಿಕೊಂಡವರು ಬಸವನಗುಡಿ, ಮಲ್ಲೇಶ್ವರಗಳ ಹಳೆಯ ಮನೆಗಳಲ್ಲಿ ಇಂದಿಗೂ ಸಿಗುತ್ತಾರೆ. ವಿದ್ವಾಂಸರೊಬ್ಬರು ಅರವತ್ತು ದಾಟಿದ ಮೇಲೆ ಹಾಡಿದ ತೋಡಿಯನ್ನು ಬಲ್ಲವರಿಗೂ ಅವರೇ ಇಪ್ಪತ್ತೈದರ ಹರೆಯದಲ್ಲಿ ಹಾಡಿದ ತೋಡಿಯನ್ನು ಒಮ್ಮೆ ಕೇಳಬೇಕೆಂಬ ಹಂಬಲ ಯಾಕೆ ಹುಟ್ಟುತ್ತದೆ ಎಂಬುದನ್ನು ಅಂಥವರಿಗೆ ವಿವರಿಸಬೇಕಾಗಿಲ್ಲ. ಅಮೆರಿಕದ ಕಪ್ಪು ಜನರ ಹಾಡುಗಳಿಂದ ಬೆಳೆದ ಬ್ಲೂಸ್ ಸಂಗೀತದ ಗಿಟಾರನ್ನು ಪ್ರೀತಿಸುವವರ ಹಂಬಲವೂ ಅದೇ. ಆದರೆ ಹಳೆಯ ಟೇಪು ತಾನಾಗಿ ಏನನ್ನೂ ಬಿಟ್ಟುಕೊಡುವುದಿಲ್ಲ. ಅದು ಯಾವ ದಾರಿಯಲ್ಲಿ ನಮ್ಮ ಕೈಗೆ ಬಂತು, ಯಾವ ವೇಗದಲ್ಲಿ ಓಡುತ್ತಿದೆ ಎಂಬುದನ್ನು ಮೊದಲು ಸರಿಪಡಿಸಿಕೊಳ್ಳದೆ ಕಲಾವಿದನ ಕೈ ಹೇಗಿತ್ತೆಂದು ತೀರ್ಮಾನಿಸ ಹೊರಟರೆ, ಯಂತ್ರದ ದೋಷವನ್ನೇ ಕಲಾವಿದನ ಗುಣವೆಂದು ಮೆಚ್ಚಿಬಿಡುವ ಅಪಾಯವಿದೆ. ಹಲವು ವರ್ಷ ನಾನು ಹಾಗೆಯೇ ಮೆಚ್ಚಿಕೊಂಡಿದ್ದೆ.

ಉದಾಹರಣೆಗಾಗಿ ಇಲ್ಲಿ ಮುಖ್ಯವಾಗಿ ಒಂದೇ ಕಛೇರಿಯನ್ನು ಹಿಡಿದುಕೊಂಡಿದ್ದೇನೆ. 1980ರ ಏಪ್ರಿಲ್ 1ರಂದು ಅಮೆರಿಕದ ಟೆಕ್ಸಸ್ ರಾಜ್ಯದ ಆಸ್ಟಿನ್ ನಗರದಲ್ಲಿ, ಆರನೆಯ ಬೀದಿಯ ‘ಸ್ಟೀಮ್‌ಬೋಟ್ 1874’ ಎಂಬ ಕ್ಲಬ್ಬಿನಲ್ಲಿ ಬ್ಲೂಸ್ ಗಿಟಾರು ವಾದಕ ಸ್ಟೀವೀ ರೇ ವಾನ್ ನುಡಿಸಿದರು. ಆ ಊರಿನ ಕೆಎಲ್‌ಬಿಜೆ ಎಂಬ ಎಫ್‌ಎಂ ಕೇಂದ್ರ ಅದನ್ನು ಪ್ರಸಾರ ಮಾಡಿತು. ವಾನ್ ಅವರಿಗೆ ಆಗ 25 ವರ್ಷ. ಅವರ ಮೊದಲ ಆಲ್ಬಂ ‘ಟೆಕ್ಸಸ್ ಫ್ಲಡ್’ ಹೊರಬಂದದ್ದು 1983ರಲ್ಲಿ. ಅಂದರೆ ಈ ಕಛೇರಿಯಲ್ಲಿ ನಮಗೆ ಕೇಳಿಸುವುದು ಹೊರಜಗತ್ತಿಗೆ ಇನ್ನೂ ಹೆಸರೇ ಗೊತ್ತಿಲ್ಲದ, ತನ್ನ ಊರಿನ ಕ್ಲಬ್ಬುಗಳಲ್ಲಿ ರಾತ್ರಿಯಿಡೀ ನುಡಿಸಿ ಹೊಟ್ಟೆ ಹೊರೆಯುತ್ತಿದ್ದ ಯುವಕನೊಬ್ಬನ ಗಿಟಾರು. 1990ರ ಆಗಸ್ಟ್ 27ರಂದು ಹೆಲಿಕಾಪ್ಟರ್ ಅಪಘಾತದಲ್ಲಿ ಅವರು ತೀರಿಕೊಂಡರು. ಆ ಏಪ್ರಿಲ್ ರಾತ್ರಿಯ ಮುದ್ರಣ ‘ಇನ್ ದ ಬಿಗಿನಿಂಗ್’ ಎಂಬ ಹೆಸರಿನ ಅಧಿಕೃತ ಆಲ್ಬಮ್ಮಾಗಿ ಬಂದದ್ದು 1992ರಲ್ಲಿ.

ನನ್ನ ಕೈಗೆ ಅದು ಸಿಕ್ಕಿದ್ದು ಆಲ್ಬಮ್ಮಿನ ರೂಪದಲ್ಲಲ್ಲ. ಅಣ್ಣನ ಸ್ನೇಹಿತರೊಬ್ಬರು ವಿದೇಶದಿಂದ ಬರುವಾಗ ತಂದ ಕ್ಯಾಸೆಟ್ಟಿನ ನಕಲಿನ ನಕಲು ಅದು. ಚೀಟಿಯ ಮೇಲೆ ಪೆನ್ಸಿಲಿನಲ್ಲಿ ‘ಆಸ್ಟಿನ್, 80’ ಎಂದಷ್ಟೇ ಬರೆದಿತ್ತು. ಜಯನಗರದ ನಮ್ಮ ಮನೆಯ ಮಹಡಿಯ ಕೋಣೆಯಲ್ಲಿ ಅದನ್ನು ಎಷ್ಟು ಬಾರಿ ಕೇಳಿದೆನೋ ಲೆಕ್ಕವಿಲ್ಲ. ಯೌವನದ ವಾನ್ ಎಷ್ಟು ಚುರುಕು, ಎಷ್ಟು ಬಿಗಿ, ಆಗಿನ ಕಂಠ ಎಷ್ಟು ತೆಳು ಎಂದು ಗೆಳೆಯರಿಗೆಲ್ಲ ಹೇಳುತ್ತಿದ್ದೆ. ಅಧಿಕೃತ ಆಲ್ಬಂ ಕೈಗೆ ಬಂದ ದಿನ ಎರಡನ್ನೂ ಒಟ್ಟಿಗೆ ಹಾಕಿ ನೋಡಿದಾಗ ಗೊತ್ತಾದದ್ದು ಇಷ್ಟು: ಎರಡೂ ಅದೇ ಕಛೇರಿ, ನನ್ನ ಟೇಪು ಮಾತ್ರ ನೂರಕ್ಕೆ ನಾಲ್ಕರಷ್ಟು ಹೆಚ್ಚು ವೇಗದಲ್ಲಿ ಓಡುತ್ತಿತ್ತು. ಆ ಚುರುಕಿನಲ್ಲಿ ಒಂದು ಪಾಲು ವಾನ್ ಅವರದಾಗಿರಲಿಲ್ಲ, ಯಾರದೋ ಕ್ಯಾಸೆಟ್ ಡೆಕ್ಕಿನ ಮೋಟಾರಿನದಾಗಿತ್ತು.

ಟೇಪಿನ ಕುಲಗೋತ್ರ

ಆದ್ದರಿಂದ ಮೊದಲ ಕೆಲಸ, ಕೈಯಲ್ಲಿರುವ ಮುದ್ರಣ ಎಲ್ಲಿಂದ ಬಂದದ್ದೆಂದು ತಿಳಿಯುವುದು. ಆ ಕಛೇರಿ ಅಧಿಕೃತವಾಗಿ ಹೊರಬಂದಿದೆಯೇ ಎಂದು ಹುಡುಕಿ. ಬಂದಿದ್ದರೆ ಅದನ್ನು ಕೊಂಡುಕೊಳ್ಳಿ. ಕಲಾವಿದರ ಕುಟುಂಬಕ್ಕೂ ಹಾಡು ಕಟ್ಟಿದವರಿಗೂ ಸಲ್ಲಬೇಕಾದದ್ದು ಸಲ್ಲುವುದು ಹಾಗೆಯೇ. ನಮ್ಮ ದೇಶದ ಕಾನೂನಿನಲ್ಲಿ ಧ್ವನಿಮುದ್ರಿಕೆಯ ಹಕ್ಕು ಅದು ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ ಇರುತ್ತದೆ. ಆದ್ದರಿಂದ ಇಂಥದ್ದನ್ನು ಅಂತರ್ಜಾಲಕ್ಕೆ ಏರಿಸುವ ಯೋಚನೆಯನ್ನು ಬಿಟ್ಟುಬಿಡುವುದೇ ಸರಿ. ಅಧಿಕೃತ ಪ್ರತಿ ಬಂದಿದ್ದರೆ ಹಳೆಯ ಕ್ಯಾಸೆಟ್ಟು ವ್ಯರ್ಥವಾಯಿತೆಂದು ಭಾವಿಸಬೇಕಾಗಿಲ್ಲ. ಆಲ್ಬಮ್ಮಿಗಾಗಿ ಕತ್ತರಿಸಿದ ಮಾತು, ತಂತಿ ಶ್ರುತಿ ಮಾಡಿಕೊಳ್ಳುವ ಸದ್ದು, ಹಾಡುಗಳ ನಡುವಣ ಬಿಡುವು ಇವೆಲ್ಲ ಎಷ್ಟೋ ಸಲ ಹಳೆಯ ಟೇಪಿನಲ್ಲೇ ಉಳಿದಿರುತ್ತವೆ.

ಕಛೇರಿಯ ಮುದ್ರಣಗಳು ಸಾಮಾನ್ಯವಾಗಿ ಮೂರು ದಾರಿಯಿಂದ ಬರುತ್ತವೆ. ಸಭಿಕರೊಬ್ಬರು ತಮ್ಮ ರೆಕಾರ್ಡರಿನಲ್ಲಿ ಹಿಡಿದದ್ದು ಒಂದು ಬಗೆ. ಅದರಲ್ಲಿ ಕೋಣೆಯೇ ಮುಖ್ಯ ವಾದ್ಯದಂತಿರುತ್ತದೆ, ಗಾಜಿನ ಲೋಟಗಳ ಕಿಣಿಕಿಣಿ, ಪಕ್ಕದ ಮೇಜಿನ ನಗು, ಗೋಡೆಗೆ ಬಡಿದು ಮರಳುವ ಡ್ರಮ್ಮು ಎಲ್ಲವೂ ಇರುತ್ತವೆ. ಮೈಕುಗಳ ದನಿಯನ್ನೆಲ್ಲ ಬೆರೆಸುವ ವೇದಿಕೆಯ ಮಿಕ್ಸರಿನಿಂದ ನೇರವಾಗಿ ತೆಗೆದದ್ದು ಎರಡನೆಯ ಬಗೆ; ಅದನ್ನು ಸೌಂಡ್‌ಬೋರ್ಡ್ ಮುದ್ರಣ ಎನ್ನುತ್ತಾರೆ. ಇದು ಸ್ವಚ್ಛವಾಗಿರುವುದರಿಂದ ಇದೇ ಶ್ರೇಷ್ಠವೆಂಬ ನಂಬಿಕೆ ಅಭಿಮಾನಿಗಳಲ್ಲಿದೆ. ಚಿಕ್ಕ ಕ್ಲಬ್ಬಿನ ವಿಷಯದಲ್ಲಿ ಆ ನಂಬಿಕೆ ಸರಿಯಲ್ಲ. ಚಿಕ್ಕ ಕೋಣೆಯಲ್ಲಿ ಗಿಟಾರಿನ ಆಂಪ್ಲಿಫೈಯರೇ ಸಾಕಷ್ಟು ಜೋರಾಗಿರುತ್ತದೆ, ಮಿಕ್ಸರಿನ ಮೂಲಕ ಅದನ್ನು ಹೆಚ್ಚಿಸುವ ಅಗತ್ಯ ಬೀಳುವುದಿಲ್ಲ. ಹೀಗಾಗಿ ಮಿಕ್ಸರಿನಿಂದ ಇಳಿದ ಟೇಪಿನಲ್ಲಿ ಕಂಠ ಮುಂದೆ ಬಂದು ಗಿಟಾರು ಹಿಂದೆ ಸರಿದಿರುತ್ತದೆ. ಅದನ್ನು ಕೇಳಿ ಆ ದಿನ ಗಿಟಾರು ಮೆತ್ತಗಿತ್ತು ಎಂದು ಬರೆದುಕೊಂಡರೆ ಕಲಾವಿದನಿಗೆ ಅನ್ಯಾಯವಾಗುತ್ತದೆ. ಮೂರನೆಯದು ರೇಡಿಯೊ ಪ್ರಸಾರ. ಪ್ರಸಾರಕ್ಕೆಂದು ಪ್ರತ್ಯೇಕವಾಗಿ ಮಿಶ್ರಣ ಮಾಡಿದ್ದಾದರೆ ವಾದ್ಯಗಳ ತೂಕ ಸರಿಯಾಗಿರುತ್ತದೆ; ಸ್ಟೀಮ್‌ಬೋಟ್ ಕಛೇರಿಯನ್ನು ಕೇಳಿದಾಗ ಗಿಟಾರು, ಬಾಸು, ಡ್ರಮ್ಮು ನುಡಿಸಿದ ಮೂವರೂ ಸಮವಾಗಿ ಕೇಳಿಸುವುದಕ್ಕೆ ಅದು ಪ್ರಸಾರವಾದ ಕಛೇರಿ ಎಂಬುದೂ ಒಂದು ಕಾರಣವಿರಬೇಕೆಂದು ನನ್ನ ಊಹೆ.

ಕಡತ ರೂಪದಲ್ಲಿ ಮುದ್ರಣ ಸಿಕ್ಕಿದ್ದರೆ ಒಂದು ಎಚ್ಚರ ಬೇಕು. ಧ್ವನಿಯನ್ನು ಏನೂ ಕಳೆಯದೆ ಕಾಪಾಡುವ ಕಡತದ ಬಗೆಗೆ ಫ್ಲಾಕ್ ಎನ್ನುತ್ತಾರೆ, ಆದರೆ ಆ ಹೆಸರಿದ್ದ ಮಾತ್ರಕ್ಕೆ ಅದು ನಷ್ಟವಿಲ್ಲದ ಪ್ರತಿ ಎಂದಾಗುವುದಿಲ್ಲ. ಗಾತ್ರ ತಗ್ಗಿಸಲು ಧ್ವನಿಯ ಒಂದಷ್ಟನ್ನು ಬಿಟ್ಟುಬಿಡುವ ಎಂಪಿ3 ಕಡತವನ್ನೇ ಯಾರೋ ಫ್ಲಾಕ್ ಮಾಡಿಟ್ಟಿರಬಹುದು. ಅಡಾಸಿಟಿಯಂಥ ಉಚಿತ ತಂತ್ರಾಂಶದಲ್ಲಿ ವರ್ಣಪಟಲವನ್ನು, ಅಂದರೆ ಯಾವ ಕಂಪನದ ಧ್ವನಿ ಎಷ್ಟಿದೆ ಎಂದು ತೋರಿಸುವ ಚಿತ್ರವನ್ನು, ತೆರೆದು ನೋಡಿದರೆ, 128 ಕೆಬಿಪಿಎಸ್ ಎಂಪಿ3ಯಿಂದ ಬಂದ ಕಡತದಲ್ಲಿ 16,000 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಕಂಪನ) ಸುಮಾರಿಗೆ ಚಾಕುವಿನಿಂದ ಕತ್ತರಿಸಿದಂತೆ ಧ್ವನಿ ನಿಂತಿರುವುದು ಕಾಣುತ್ತದೆ. ಆದರೆ ಎಫ್‌ಎಂ ಸ್ಟೀರಿಯೊ ಪ್ರಸಾರದಲ್ಲಿ 15,000 ಹರ್ಟ್ಸಿಗಿಂತ ಮೇಲೆ ಸಂಗೀತವೇ ಇರುವುದಿಲ್ಲ, ಅದು ಆ ಮಾಧ್ಯಮದ ಸಹಜ ಮಿತಿ. ಹಾಗಾಗಿ ರೇಡಿಯೊದಿಂದ ಇಳಿಸಿದ ಟೇಪಿನಲ್ಲಿ ಮೇಲ್ಭಾಗ ಖಾಲಿಯಿದ್ದರೆ ಕೊಟ್ಟವರನ್ನು ದೂರಬಾರದು.

ವೇಗವನ್ನು ಸರಿಪಡಿಸುವುದು

ಈ ಭಾಗಕ್ಕೆ ಹೆಚ್ಚು ಜಾಗ ಕೊಡುತ್ತಿದ್ದೇನೆ, ಯಾಕೆಂದರೆ ಅಭಿಮಾನಿಗಳು ಹೆಚ್ಚಾಗಿ ಬಿಟ್ಟುಬಿಡುವುದು ಇದನ್ನೇ. ಕ್ಯಾಸೆಟ್ಟು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡಬೇಕು. ಬ್ಯಾಟರಿಯ ರೆಕಾರ್ಡರಿನಲ್ಲಿ ಬ್ಯಾಟರಿ ಇಳಿಯುತ್ತ ಬಂದಂತೆ ಮುದ್ರಿಸುವಾಗಿನ ಓಟ ನಿಧಾನವಾಗುತ್ತದೆ. ಅದನ್ನೇ ಮುಂದೆ ಸರಿಯಾದ ವೇಗದ ಡೆಕ್ಕಿನಲ್ಲಿ ಹಾಕಿದಾಗ ಸಂಗೀತ ಹೋಗುತ್ತ ಹೋಗುತ್ತ ಚುರುಕಾಗುತ್ತದೆ, ಶ್ರುತಿ ಮೇಲೇರುತ್ತದೆ. ವೇಗ ನೂರಕ್ಕೆ ಸುಮಾರು ಆರರಷ್ಟು ಹೆಚ್ಚಾದರೆ ಶ್ರುತಿ ಒಂದು ಸ್ವರಸ್ಥಾನದಷ್ಟು ಏರುತ್ತದೆ, ಅಂದರೆ ಹಾರ್ಮೋನಿಯಂನ ಒಂದು ಮನೆಯಷ್ಟು. ಕಿವಿಗೆ ಅದು ದೋಷವೆಂದು ತಟ್ಟುವುದಿಲ್ಲ, ಉತ್ಸಾಹವೆಂದು ತಟ್ಟುತ್ತದೆ. ಬ್ಲೂಸಿನ ಆದಿಪುರುಷರಲ್ಲಿ ಒಬ್ಬರಾದ ರಾಬರ್ಟ್ ಜಾನ್ಸನ್ 1936 ಮತ್ತು 1937ರಲ್ಲಿ ಮುದ್ರಿಸಿಟ್ಟುಹೋದ 29 ಹಾಡುಗಳು ಸರಿಯಾದ ವೇಗದಲ್ಲಿವೆಯೇ ಎಂದು ಕೇಳುಗರು ಇಂದಿಗೂ ವಾದಿಸುತ್ತಾರೆಂದರೆ, ಈ ಪ್ರಶ್ನೆ ಎಷ್ಟು ಆಳಕ್ಕೆ ಹೋಗಬಲ್ಲುದೆಂದು ತಿಳಿಯುತ್ತದೆ.

ಗಿಟಾರಿನ ಶ್ರುತಿಯನ್ನು ಅಳೆದು ವೇಗವನ್ನು ತಿದ್ದಬಹುದಲ್ಲ ಎಂದು ಮೊದಲು ತೋಚುತ್ತದೆ. ಗಿಟಾರಿನ ಅತಿ ಮಂದ್ರದ ತಂತಿ ಸಾಮಾನ್ಯವಾಗಿ 82.4 ಹರ್ಟ್ಸಿಗೆ ನಿಂತಿರಬೇಕು, ಅದಕ್ಕಿಂತ ಕೆಳಗಿದ್ದರೆ ಟೇಪು ನಿಧಾನ ಎಂದು ಲೆಕ್ಕ ಹಾಕುವುದು ಸುಲಭ. ವಾನ್ ಅವರ ವಿಷಯದಲ್ಲಿ ಈ ಲೆಕ್ಕ ನೇರವಾಗಿ ಹಳ್ಳಕ್ಕೆ ಬೀಳಿಸುತ್ತದೆ. ಅವರು ದಪ್ಪ ತಂತಿಗಳನ್ನು ಹಾಕಿ, ಗಿಟಾರನ್ನು ಸಾಮಾನ್ಯ ಶ್ರುತಿಗಿಂತ ಒಂದು ಸ್ವರಸ್ಥಾನ ಇಳಿಸಿ ನುಡಿಸುತ್ತಿದ್ದುದು ಪ್ರಸಿದ್ಧವಾದ ಸಂಗತಿ; ಆಗ ಅದೇ ತಂತಿ 77.8 ಹರ್ಟ್ಸಿನಲ್ಲಿರುತ್ತದೆ. ಸರಿಯಾಗಿಯೇ ಓಡುತ್ತಿರುವ ಟೇಪನ್ನು ನಿಧಾನವೆಂದು ತಿಳಿದು ನೂರಕ್ಕೆ ಆರರಷ್ಟು ಹೆಚ್ಚು ವೇಗದಲ್ಲಿ ಓಡಿಸಿದರೆ, ಆ ಬಿಗಿಯಾದ ದಪ್ಪ ತಂತಿಯ ತೂಕವೆಲ್ಲ ಹೋಗಿ ಕಂಠ ಎಳಸಾಗುತ್ತದೆ. ಕಲಾವಿದನ ಶ್ರುತಿ ಅವನ ಇಷ್ಟ. ಅದನ್ನು ಸಾಕ್ಷಿಯಾಗಿ ಕರೆಯಬಾರದು.

ನಂಬಬಹುದಾದ ಸಾಕ್ಷಿ ಬೇರೆಯೇ ಇದೆ, ಅದು ವಿದ್ಯುತ್ತಿನ ಗುಂಯ್ ಎಂಬ ಸದ್ದು. ಅಮೆರಿಕದಲ್ಲಿ ಮನೆಮನೆಗೆ ಬರುವ ವಿದ್ಯುತ್ತು ಸೆಕೆಂಡಿಗೆ 60 ಸಲ ದಿಕ್ಕು ಬದಲಿಸುವ ಆವರ್ತಗಳನ್ನು ಮುಗಿಸುತ್ತದೆ, ನಮ್ಮಲ್ಲಿ 50 ಸಲ. ವಾನ್ ನುಡಿಸುತ್ತಿದ್ದ ಸ್ಟ್ರ್ಯಾಟೊಕಾಸ್ಟರ್ ಗಿಟಾರಿನ ಒಂಟಿ ಸುರುಳಿಯ ಪಿಕಪ್ಪುಗಳು (ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಭಾಗಗಳು) ಸುತ್ತಲಿನ ವಿದ್ಯುತ್ತಿನ ಆ ಸದ್ದನ್ನು ಹೀರಿಕೊಳ್ಳುವ ಗುಣದವು; ಅದನ್ನು ದೋಷವೆಂದು ಬೈಯುವವರಿದ್ದಾರೆ, ಆದರೆ ನಮ್ಮ ಕೆಲಸಕ್ಕೆ ಅದು ಟೇಪಿನೊಳಗೇ ಅಡಗಿಸಿಟ್ಟ ಗಡಿಯಾರ. ಎರಡು ಹಾಡುಗಳ ನಡುವೆ ಚಪ್ಪಾಳೆ ತಗ್ಗಿ, ಗಿಟಾರಿನವರು ಕೈಬಿಟ್ಟು ನಿಂತಿರುವ ಎರಡು ಮೂರು ಸೆಕೆಂಡುಗಳನ್ನು ಹುಡುಕಿ ಆರಿಸಿಕೊಳ್ಳಿ. ಅಡಾಸಿಟಿಯಲ್ಲಿ ವರ್ಣಪಟಲದ ಅಳತೆಯ ಗಾತ್ರವನ್ನು 65,536ಕ್ಕೆ ಇಟ್ಟು ಕೆಳಗಿನ ಭಾಗದಲ್ಲಿ ಏಳುವ ಶಿಖರಗಳನ್ನು ಓದಿ. 60ರ ಬಳಿಯ ಶಿಖರಕ್ಕಿಂತ ಅದರ ಮೂರರಷ್ಟಾದ 180ರ ಬಳಿಯ ಶಿಖರವನ್ನು ಓದಿ ಮೂರರಿಂದ ಭಾಗಿಸಿದರೆ ಅಳತೆ ಇನ್ನೂ ನಿಖರವಾಗುತ್ತದೆ. ನನ್ನ ಕ್ಯಾಸೆಟ್ಟಿನಲ್ಲಿ ಅದು 187.2ರಲ್ಲಿತ್ತು, ಭಾಗಿಸಿದರೆ 62.4. ಇರಬೇಕಾದದ್ದು 60. ಅರವತ್ತನ್ನು 62.4ರಿಂದ ಭಾಗಿಸಿದಾಗ ಬರುವ 0.9615 ಎಂಬುದೇ ತಿದ್ದುಪಡಿಯ ಪ್ರಮಾಣ. ತಂತ್ರಾಂಶದಲ್ಲಿ ಶ್ರುತಿಯನ್ನು ಮಾತ್ರ ಅಥವಾ ಲಯವನ್ನು ಮಾತ್ರ ಬದಲಿಸುವ ಆಯ್ಕೆಗಳಿರುತ್ತವೆ, ಅವುಗಳನ್ನು ಮುಟ್ಟಬೇಡಿ. ಎರಡನ್ನೂ ಒಟ್ಟಿಗೆ ಬದಲಿಸುವ ವೇಗದ ಆಯ್ಕೆಯೇ ಬೇಕು, ಯಾಕೆಂದರೆ ಟೇಪು ತಪ್ಪಿದ್ದೂ ಎರಡರಲ್ಲಿ ಒಟ್ಟಿಗೆ. ಈ ಅಳತೆಯನ್ನು ಟೇಪಿನ ಆರಂಭದಲ್ಲಿ, ನಡುವೆ ಮತ್ತು ಕೊನೆಯಲ್ಲಿ ಮೂರು ಕಡೆ ಮಾಡಿ. ಮೂರೂ ಬೇರೆಯಾಗಿದ್ದರೆ ಬ್ಯಾಟರಿ ಇಳಿದಿತ್ತೆಂದು ಅರ್ಥ, ಆಗ ಹಾಡಿಗೊಂದರಂತೆ ತಿದ್ದಬೇಕಾಗುತ್ತದೆ.

ಎಲ್ಲ ಟೇಪಿಗೂ 60ರ ಲೆಕ್ಕ ಹೊಂದುವುದಿಲ್ಲ ಎಂಬುದನ್ನು ಮರೆಯಬಾರದು. ವಾನ್ ಅವರೇ 1982ರ ಜುಲೈ 17ರಂದು ಸ್ವಿಟ್ಜರ್ಲೆಂಡಿನ ಮಾಂಟ್ರೊ ಉತ್ಸವದಲ್ಲಿ ನುಡಿಸಿದಾಗ ಸಭೆಯ ಒಂದು ಭಾಗ ಅವರನ್ನು ಕೂಗಿ ಅವಮಾನಿಸಿತು. ಯುರೋಪಿನ ವಿದ್ಯುತ್ತು 50 ಆವರ್ತದ್ದಾದ್ದರಿಂದ ಆ ಕಛೇರಿಯ ಟೇಪನ್ನು ಅಳೆಯುವಾಗ ಹುಡುಕಬೇಕಾದ ಸಂಖ್ಯೆ 50. ಇನ್ನೊಂದು ಸೋಜಿಗವೂ ಇದೆ. ಅಮೆರಿಕದ ಕಛೇರಿಯ ಟೇಪಿನಲ್ಲಿ 60ರ ಬಳಿಯದಲ್ಲದೆ 50ರ ಬಳಿಯೂ ಇನ್ನೊಂದು ಶಿಖರ ಕಂಡರೆ, ಅದು ನಮ್ಮಂಥ ಊರಿನಲ್ಲಿ ನಕಲು ಮಾಡಿಕೊಂಡಾಗ ಸೇರಿದ ಸದ್ದು. ನನ್ನ ಕ್ಯಾಸೆಟ್ಟಿನಲ್ಲಿ ಎರಡೂ ಇದ್ದವು. ಆಸ್ಟಿನ್ನಿನ ಒಂದು ರಾತ್ರಿ ಮತ್ತು ಬೆಂಗಳೂರಿನ ಯಾವುದೋ ಮನೆಯ ಒಂದು ಮಧ್ಯಾಹ್ನ ಒಂದೇ ಪಟ್ಟಿಯ ಮೇಲೆ ಜೊತೆಯಾಗಿ ಕೂತಿದ್ದವು. ಅದನ್ನು ಕಂಡಾಗ ನನಗೆ ಆದ ಸಂತೋಷವನ್ನು ಇಲ್ಲಿ ಬರೆಯದಿರಲಾರೆ.

ಟೇಪಿನ ಆರೈಕೆಯ ಬಗ್ಗೆ ಚಿಕ್ಕದಾಗಿ ಹೇಳಿ ಮುಂದೆ ಹೋಗುತ್ತೇನೆ. ಪಟ್ಟಿಯನ್ನು ಓದುವ ಡೆಕ್ಕಿನ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ಒಣಗಿದ ಮೇಲೆಯೇ ಕ್ಯಾಸೆಟ್ಟು ಹಾಕಬೇಕು. ಮಳೆಗಾಲ ಕಳೆದ ಕ್ಯಾಸೆಟ್ಟಿನ ಪಟ್ಟಿಯ ಅಂಚಿನಲ್ಲಿ ಬಿಳಿಯ ಬೂಸ್ಟು ಕಂಡರೆ ಅದನ್ನು ಓಡಿಸಲೇಬಾರದು, ಅದು ಹೆಡ್ಡಿಗೂ ಮುಂದಿನ ಟೇಪುಗಳಿಗೂ ಹರಡುತ್ತದೆ. ಧ್ವನಿ ಮಂಕಾಗಿದ್ದರೆ ಹೆಡ್ಡಿನ ಪಕ್ಕದ ಚಿಕ್ಕ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿ, ತಾಳದ ಸಿಂಬಲ್ ಅತಿ ಸ್ಪಷ್ಟವಾಗಿ ಕೇಳುವಲ್ಲಿ ನಿಲ್ಲಿಸಬೇಕು. ಬೇರೆಯವರ ಡೆಕ್ಕಿನಲ್ಲಿ ಮುದ್ರಿಸಿದ ಟೇಪಿಗೆ ಇದರಿಂದ ಆಗುವ ಉಪಕಾರ ದೊಡ್ಡದು. ಕಂಪ್ಯೂಟರಿಗೆ ಇಳಿಸಲು ಬೇಕಾದ ತಂತಿ, ಪಿನ್ನುಗಳು ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಸಿಗುತ್ತವೆ. 24 ಬಿಟ್ಟಿನಲ್ಲಿ ಇಳಿಸಿ, ಆ ಮೊದಲ ಪ್ರತಿಯನ್ನು ತಿದ್ದದೆ ಹಾಗೆಯೇ ಎತ್ತಿಟ್ಟು, ಇನ್ನೊಂದು ಪ್ರತಿಯ ಮೇಲೆ ಕೆಲಸ ಮಾಡಿ.

ಹಿಸ್ ಎಂದು ಕರೆಯುವ ಟೇಪಿನ ಸುಯ್ಯೆನ್ನುವ ಸದ್ದನ್ನು ಪೂರ್ತಿ ಅಳಿಸುವ ಆಸೆಗೆ ಬೀಳಬೇಡಿ. 1941ರಲ್ಲಿ ಅಮೆರಿಕದ ಕಾಂಗ್ರೆಸ್ ಗ್ರಂಥಾಲಯಕ್ಕಾಗಿ ಜಾನಪದ ಸಂಗ್ರಾಹಕ ಅಲನ್ ಲೋಮ್ಯಾಕ್ಸ್ ಮಿಸಿಸಿಪಿಯ ಲೇಕ್ ಕಾರ್ಮೊರಂಟ್ ಎಂಬಲ್ಲಿ ಒಂದು ಅಂಗಡಿಯಲ್ಲಿ ಬ್ಲೂಸ್ ಗಾಯಕ ಸನ್ ಹೌಸ್ ಅವರ ಹಾಡನ್ನು ಮುದ್ರಿಸಿಕೊಂಡಾಗ ಪಕ್ಕದಲ್ಲಿ ರೈಲು ಹಾದುಹೋದದ್ದು ಆ ಮುದ್ರಣದಲ್ಲಿ ಉಳಿದಿದೆ. ಯಾರಾದರೂ ಅದನ್ನು ಕೊಳೆಯೆಂದು ತೊಳೆದಿದ್ದರೆ ನಾವು ಎಷ್ಟು ಬಡವರಾಗುತ್ತಿದ್ದೆವು!

ಕಿವಿಯನ್ನು ಎಲ್ಲಿ ಇಡಬೇಕು

ವೇಗ ಸರಿಯಾದ ಮೇಲೆ ಕೇಳಲು ಕೂರಬಹುದು. ನಮ್ಮ ಬೀದಿಗಳಲ್ಲಿ ಭಾನುವಾರ ಬೆಳಗಿನ ಆರರಿಂದ ಎಂಟರವರೆಗಿನ ಹೊತ್ತೇ ಇದಕ್ಕೆ ಹೊಂದುವುದು. ಫ್ಯಾನು ನಿಲ್ಲಿಸಿ, ಫೋನನ್ನು ಬೇರೆ ಕೋಣೆಯಲ್ಲಿಡಿ. ಮೊದಲ ಸಲ ಏನನ್ನೂ ಬರೆದುಕೊಳ್ಳದೆ, ನಡುವೆ ನಿಲ್ಲಿಸದೆ ಕೊನೆಯವರೆಗೆ ಕೇಳಬೇಕು. ಎರಡನೆಯ ಸಲದಿಂದ ಒಂದೊಂದೇ ಎಳೆಯನ್ನು ಹಿಡಿಯಬೇಕು.

ಕರ್ನಾಟಕ ಸಂಗೀತವನ್ನು ಕೇಳಿ ಬೆಳೆದವರಿಗೆ ಬ್ಲೂಸಿನ ಚೌಕಟ್ಟು ಹಿಡಿಯುವುದು ಕಷ್ಟವಲ್ಲ. ಅದನ್ನು ನಾಲ್ಕು ಎಣಿಕೆಯ ಹನ್ನೆರಡು ಅಂಕಣಗಳ ಒಂದು ಆವರ್ತನ ಎಂದುಕೊಳ್ಳಿ, ಒಟ್ಟು 48 ಎಣಿಕೆ. ಮೊದಲ ನಾಲ್ಕು ಅಂಕಣಗಳು ಷಡ್ಜದ ಮೇಲೆ ನಿಂತಿರುತ್ತವೆ, ಐದು ಮತ್ತು ಆರು ಮಧ್ಯಮಕ್ಕೆ ಸರಿಯುತ್ತವೆ, ಏಳು ಎಂಟು ಷಡ್ಜಕ್ಕೆ ಮರಳುತ್ತವೆ. ಒಂಬತ್ತನೆಯದು ಪಂಚಮಕ್ಕೆ ಏರಿ, ಹತ್ತರಲ್ಲಿ ಮಧ್ಯಮಕ್ಕೆ ಇಳಿದು, ಕೊನೆಯೆರಡರಲ್ಲಿ ಮನೆ ಸೇರುತ್ತದೆ. ಹಾಡಿನ ಮಾತು ಸಾಮಾನ್ಯವಾಗಿ ಮೂರು ಸಾಲಿನದು: ಒಂದು ಸಾಲನ್ನು ಎರಡು ಸಲ ಹೇಳಿ, ಮೂರನೆಯದರಲ್ಲಿ ಅದಕ್ಕೆ ಉತ್ತರ ಕೊಡುವುದು. ಪ್ರತಿ ಸಾಲು ಅಂಕಣಗಳನ್ನು ಪೂರ್ತಿ ತುಂಬುವುದಿಲ್ಲ. ಉಳಿದ ಜಾಗ ಗಿಟಾರಿನದು. ಒಂದೆರಡು ಹಾಡುಗಳಿಗೆ ತೊಡೆಯ ಮೇಲೆ ತಾಳ ಹಾಕಿ ನೋಡಿ. ಒಂಬತ್ತನೆಯ ಅಂಕಣದ ಏರು ಕಿವಿಗೆ ಬೀಳುವ ಮೊದಲೇ ಮೈಗೆ ಗೊತ್ತಾಗತೊಡಗುತ್ತದೆ. ಆ ಗುರುತು ಸಿಕ್ಕಿದ ಮೇಲೆ ಎಲ್ಲ ಹಾಡೂ ಈ ಚೌಕಟ್ಟಿಗೆ ಪೂರ್ತಿ ಒಪ್ಪುವುದಿಲ್ಲ ಎಂಬುದೂ ತಾನಾಗಿ ತಿಳಿಯುತ್ತದೆ.

ಸ್ವರದ ವಿಷಯಕ್ಕೆ ಬಂದರೆ, ಬ್ಲೂಸ್ ಗಿಟಾರು ಹೆಚ್ಚಾಗಿ ಓಡಾಡುವ ಐದು ಸ್ವರಗಳು ನಮ್ಮ ಶುದ್ಧ ಧನ್ಯಾಸಿಯ ಸ್ವರಗಳೇ: ಸ, ಸಾಧಾರಣ ಗಾಂಧಾರ, ಶುದ್ಧ ಮಧ್ಯಮ, ಪ, ಕೈಶಿಕಿ ನಿಷಾದ. ಆದರೆ ಗಾಂಧಾರವನ್ನು ಅದು ಒಂದು ಕಡೆ ನಿಲ್ಲಿಸುವುದಿಲ್ಲ. ತಂತಿಯನ್ನು ಎಳೆದು ಸಾಧಾರಣ ಗಾಂಧಾರಕ್ಕೂ ಅಂತರ ಗಾಂಧಾರಕ್ಕೂ ನಡುವೆ ಹೆಸರಿಲ್ಲದ ಒಂದು ಜಾಗದಲ್ಲಿ ಅದನ್ನು ನಡುಗಿಸುತ್ತದೆ. ನಮ್ಮ ಬಳಗದಲ್ಲಿ ವೀಣೆ ಕಲಿತ ಗೆಳತಿಯೊಬ್ಬರಿದ್ದಾರೆ. ಮೊದಲ ಸಲ ವಾನ್ ಅವರ ಎಳೆತವನ್ನು ಕೇಳಿದಾಗ ಅವರು “ಇದು ಮೆಟ್ಟಿಲ ಮೇಲೆ ಬೆರಳಿಟ್ಟು ನುಡಿಸಿದ್ದಲ್ಲ, ತಂತಿಯನ್ನು ಪಕ್ಕಕ್ಕೆಳೆದು ಹುಡುಕಿಕೊಂಡಿದ್ದು” ಎಂದರು. ಸರಿಯಾದ ಮಾತು. ದಪ್ಪ ತಂತಿಯನ್ನು ಅಷ್ಟು ದೂರ ಎಳೆಯಲು ಬೇಕಾದ ಬೆರಳಿನ ಬಲ ಎಷ್ಟೆಂಬುದು ವೀಣೆಯವರಿಗೇ ಬೇಗ ತಿಳಿಯುತ್ತದೆ. ಆದ್ದರಿಂದ ಸಂಗೀತ ಕಲಿತವರಿದ್ದರೆ ಅವರನ್ನು ಜೊತೆಗೆ ಕೂರಿಸಿಕೊಳ್ಳಿ. ಅವರಿಗೆ ಬ್ಲೂಸ್ ಗೊತ್ತಿರಬೇಕಾಗಿಲ್ಲ.

ಇನ್ನು ಮೇಳ. 1980ರ ಆ ರಾತ್ರಿ ವೇದಿಕೆಯ ಮೇಲಿದ್ದವರು ಮೂವರೇ: ಗಿಟಾರು ಮತ್ತು ಹಾಡಿಗೆ ವಾನ್, ಬಾಸ್ ಗಿಟಾರಿಗೆ ಜ್ಯಾಕೀ ನ್ಯೂಹೌಸ್, ಡ್ರಮ್ಮಿಗೆ ಕ್ರಿಸ್ ಲೇಟನ್. ಕೀಬೋರ್ಡಿಲ್ಲ, ಎರಡನೆಯ ಗಿಟಾರಿಲ್ಲ. ಪಕ್ಕವಾದ್ಯಕ್ಕೆ ಪಿಟೀಲಿಲ್ಲದೆ ಕಛೇರಿ ಮಾಡಿದಂತೆ. ಹಾಡುವಾಗ ಗಿಟಾರು ಹಿನ್ನೆಲೆಯನ್ನು ತುಂಬಬೇಕು, ಹಾಡು ನಿಂತಾಗ ಉತ್ತರ ಕೊಡಬೇಕು, ಉತ್ತರ ಕೊಡುವಾಗಲೂ ಹಿನ್ನೆಲೆ ಕುಸಿಯಬಾರದು. ಹೆಬ್ಬೆರಳಿನ ಕಡೆಯ ಮಂದ್ರ ತಂತಿಗಳಲ್ಲಿ ನಡೆ ಸಾಗುತ್ತಿರುವಾಗಲೇ ಮೇಲಿನ ತಂತಿಗಳಲ್ಲಿ ಮಾತು ಹೊರಡುವ ಕ್ಷಣಗಳನ್ನು ಹುಡುಕಿ, ಆ ನಿಮಿಷ ಮತ್ತು ಸೆಕೆಂಡನ್ನು ಕಾಗದದ ಮೇಲೆ ಗುರುತಿಸಿಕೊಳ್ಳಿ. ಒಂದು ಸಲ ಬರೀ ಡ್ರಮ್ಮನ್ನೇ ಕೇಳುವುದೂ ಅಗತ್ಯ. ಬ್ಲೂಸ್ ಕಲಾವಿದ ಓಟಿಸ್ ರಷ್ 1958ರಲ್ಲಿ ಮುದ್ರಿಸಿದ ‘ಆಲ್ ಯುವರ್ ಲವ್’ ಎಂಬ ಹಾಡು ಈ ಕಛೇರಿಯಲ್ಲಿದೆ. ರಷ್ ಅವರ ಮೂಲದಲ್ಲಿ ನಡುವೆ ಒಂದು ಕಡೆ ನಡೆಯೇ ಬದಲಾಗಿ, ತೂಗಾಡುವ ಲ್ಯಾಟಿನ್ ಲಯ ಬಿಟ್ಟು ತಿಶ್ರದ ಛಾಯೆಯ ಓಟ ಹಿಡಿಯುತ್ತದೆ. ಮೂಲವನ್ನು ಮೊದಲು ಕೇಳಿ, ಆಮೇಲೆ ಅದೇ ಜಾಗದಲ್ಲಿ ಲೇಟನ್ ಮತ್ತು ವಾನ್ ಏನು ಮಾಡುತ್ತಾರೆಂದು ಕಾದು ಕುಳಿತರೆ, ಇಬ್ಬರ ನಡುವಣ ಸಂಜ್ಞೆ ಕಣ್ಣಿಗೆ ಕಂಡಂತಾಗುತ್ತದೆ.

ಯಾರ ಮನೆಯ ಮಾತು, ಯಾವುದು ತನ್ನದು

ಎಳೆಯ ವಯಸ್ಸಿನ ಕಲಾವಿದನ ಮುದ್ರಣಕ್ಕಿರುವ ನಿಜವಾದ ಬೆಲೆ ಇಲ್ಲಿದೆ ಎಂದು ನನ್ನ ನಂಬಿಕೆ. ದೊಡ್ಡವನಾದ ಮೇಲೆ ಎಲ್ಲವೂ ಬೆರೆತು ಒಂದೇ ಬಣ್ಣವಾಗಿರುತ್ತದೆ. ಹರೆಯದಲ್ಲಿ ಯಾವ ನೂಲು ಯಾರ ಮನೆಯದೆಂದು ಇನ್ನೂ ಕಾಣುತ್ತಿರುತ್ತದೆ. ಸ್ಟೀಮ್‌ಬೋಟ್ ಆಲ್ಬಂ ಶುರುವಾಗುವುದೇ ಹಿಂದಿನ ತಲೆಮಾರಿನ ಬ್ಲೂಸ್ ಗಿಟಾರು ವಾದಕ ಫ್ರೆಡೀ ಕಿಂಗ್ ಅವರ ವಾದ್ಯರಚನೆಯಿಂದ. ಬ್ಲೂಸ್ ಗಾಯಕ ಹೌಲಿನ್ ವುಲ್ಫ್ ಹಾಡಿದ ಹಾಡುಗಳಿವೆ, ಅವುಗಳ ಹಿಂದೆ ಹ್ಯೂಬರ್ಟ್ ಸಮ್ಲಿನ್ ಅವರ ಗಿಟಾರಿನ ನೆನಪಿದೆ. ಎಲ್ಲಕ್ಕಿಂತ ಹೆಚ್ಚಾಗಿ ಆಲ್ಬರ್ಟ್ ಕಿಂಗ್ ಇದ್ದಾರೆ. ಎಡಗೈಯವರಾದ ಆಲ್ಬರ್ಟ್ ಕಿಂಗ್ ಬಲಗೈಯವರ ಗಿಟಾರನ್ನು ತಂತಿ ಬದಲಿಸದೆ ತಿರುವಿ ಹಿಡಿದು ನುಡಿಸುತ್ತಿದ್ದರು. ಆದ್ದರಿಂದ ಬೇರೆಯವರು ಮೇಲಕ್ಕೆ ದೂಡುವ ತಂತಿಯನ್ನು ಅವರು ಕೆಳಕ್ಕೆ ಎಳೆಯುತ್ತಿದ್ದರು, ಅದರಿಂದ ಹುಟ್ಟುವ ಉದ್ದನೆಯ ನರಳಿಕೆ ಅವರ ಸ್ವಂತ ಗುರುತು. ಬಲಗೈಯವರಾದ ವಾನ್ ಆ ನರಳಿಕೆಯನ್ನು ಇನ್ನೊಂದು ದಿಕ್ಕಿನಿಂದ ಸಾಧಿಸಿಕೊಂಡರು. ಈ ಮೂಲಗಳನ್ನು ಮೊದಲು ಒಂದು ವಾರ ಕೇಳಿ, ಆಮೇಲೆ 1980ರ ಕಛೇರಿಗೆ ಬಂದರೆ, ಎರವಲು ತಂದ ಮಾತು ಮುಗಿದು ತನ್ನ ಮಾತು ಶುರುವಾಗುವ ಅಂಚು ಕೆಲವು ಕಡೆ ತಟ್ಟನೆ ಕೇಳಿಸುತ್ತದೆ.

ಹೋಲಿಕೆಯ ಇನ್ನೊಂದು ದಿಕ್ಕು ಮುಂದಕ್ಕೆ. ಈ ಕಛೇರಿಯ ‘ಲವ್ ಸ್ಟ್ರಕ್ ಬೇಬಿ’ ಮತ್ತು ‘ಟೆಲ್ ಮಿ’ 1983ರ ‘ಟೆಕ್ಸಸ್ ಫ್ಲಡ್’ನಲ್ಲಿ ಮತ್ತೆ ಬರುತ್ತವೆ. ‘ಟಿನ್ ಪ್ಯಾನ್ ಆಲೀ’ 1984ರ ಎರಡನೆಯ ಆಲ್ಬಮ್ಮಿನಲ್ಲಿ ಒಂಬತ್ತು ನಿಮಿಷಕ್ಕೂ ಮಿಕ್ಕಿ ಹರಿಯುತ್ತದೆ. ಅಷ್ಟರಲ್ಲಿ ಬಾಸ್ ಗಿಟಾರಿಗೆ 1981ರಲ್ಲಿ ಟಾಮೀ ಶ್ಯಾನನ್ ಬಂದಿದ್ದರು ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು, ಬದಲಾವಣೆಯೆಲ್ಲ ಒಬ್ಬರದೇ ಅಲ್ಲ. ಮೂರರಲ್ಲಿ ನಾನು ಆರಿಸುವುದು ಕೊನೆಯದನ್ನು, ಯಾಕೆಂದರೆ ವಿಳಂಬದ ಹಾಡಿನಲ್ಲಿ ಅಡಗಿಕೊಳ್ಳಲು ಜಾಗವಿರುವುದಿಲ್ಲ. ಎರಡೂ ಮುದ್ರಣಗಳಲ್ಲಿ ಹಾಡಿನ ಸಾಲು ಮುಗಿದು ಗಿಟಾರಿನ ಮೊದಲ ಸ್ವರ ಹುಟ್ಟುವವರೆಗಿನ ಬಿಡುವನ್ನು ಎಣಿಕೆಯಲ್ಲಿ ಬರೆದುಕೊಳ್ಳಿ. ಗಿಟಾರಿನ ದನಿ ಎಷ್ಟು ಕೆಳಗಿಳಿಯುತ್ತದೆ, ಎಲ್ಲಿ ಒಮ್ಮೆಲೇ ಏರುತ್ತದೆ ಎಂಬುದನ್ನೂ ಗುರುತಿಸಿ. ಸ್ಟುಡಿಯೊದ ಮೌನ ಆಳವಾದದ್ದು, ನಿಜ. ಆದರೆ ಕ್ಲಬ್ಬಿನಲ್ಲಿ ಕುಡಿದು ಮಾತಾಡುತ್ತಿರುವ ಜನರ ಮುಂದೆ ದನಿಯನ್ನು ತಗ್ಗಿಸಿ ಅವರು ಬಗ್ಗಿ ಕೇಳುವಂತೆ ಮಾಡುವ ಧೈರ್ಯವೇ ಬೇರೆ, ಅದನ್ನು ಇಪ್ಪತ್ತೈದು ವರ್ಷದವನಲ್ಲಿ ಕಂಡಾಗ ನನಗೆ ಇಂದಿಗೂ ಮೈ ಜುಮ್ಮೆನ್ನುತ್ತದೆ. ಇಂಥ ಹೋಲಿಕೆಗೆ ವೇಗ ಸರಿಯಿರಲೇಬೇಕೆಂಬುದು ಈಗ ಸ್ಪಷ್ಟವಾಗಿರಬಹುದು. ನೂರಕ್ಕೆ ನಾಲ್ಕರಷ್ಟು ಹೆಚ್ಚು ವೇಗದಲ್ಲಿ ಓಡುವ ಟೇಪಿನಲ್ಲಿ ಬಿಡುವೂ ಅಷ್ಟೇ ಕಿರಿದಾಗಿರುತ್ತದೆ.

ಜೊತೆಯಾಗಿ ಕೇಳುವಾಗ ಆರೇಳು ಜನರಿಗಿಂತ ಹೆಚ್ಚಾಗದಿದ್ದರೆ ಒಳ್ಳೆಯದು. ನಮ್ಮಲ್ಲಿ ಒಬ್ಬರಿಗೆ ಬಾಸು, ಒಬ್ಬರಿಗೆ ಡ್ರಮ್ಮು, ಒಬ್ಬರಿಗೆ ಕಂಠ ಎಂದು ಹಂಚಿಕೊಂಡು ಕೇಳುತ್ತೇವೆ. ಹಾಡು ಮುಗಿಯುವವರೆಗೆ ಯಾರೂ ಮಾತಾಡುವುದಿಲ್ಲ, “ಆಹಾ” ಎಂಬುದಕ್ಕೆ ಮಾತ್ರ ಮಾಫಿ ಇದೆ. ಮುಗಿದ ಮೇಲೆ ಕಾಫಿಯ ಜೊತೆ ಪ್ರತಿಯೊಬ್ಬರೂ ತಮಗೆ ಕೇಳಿಸಿದ್ದನ್ನು ಹೊತ್ತಿನ ಗುರುತಿನ ಸಮೇತ ಹೇಳಬೇಕು. ಚೆನ್ನಾಗಿತ್ತು ಎಂದಷ್ಟೇ ಹೇಳಿದವರನ್ನು ಎಲ್ಲಿ ಎಂದು ಕೇಳುತ್ತೇವೆ. ಹೇಳಿದ ಜಾಗವನ್ನು ಮತ್ತೆ ಹಾಕಿ ಎಲ್ಲರೂ ಕೇಳುತ್ತೇವೆ. ಎಷ್ಟೋ ಸಲ ಹತ್ತು ಸೆಕೆಂಡಿನ ಒಂದು ತುಣುಕಿನಲ್ಲೇ ಬೆಳಗು ಕಳೆದದ್ದುಂಟು.

ಕೇಳಿ ತಿಳಿದದ್ದನ್ನು ಟೇಪಿನ ಜೊತೆಗೇ ಇಡುವುದು ಕೊನೆಯ ಕೆಲಸ. ಕಡತಕ್ಕೆ ಹೆಸರಿಡುವಾಗ ಕಲಾವಿದರ ಹೆಸರು, ದಿನಾಂಕ, ಸ್ಥಳ, ಮುದ್ರಣದ ಮೂಲ, ಎಷ್ಟನೆಯ ನಕಲು ಮತ್ತು ತಿದ್ದಿದ ವೇಗದ ಪ್ರ‍ಮಾಣ ಇಷ್ಟೂ ಇರಲಿ. ಅದನ್ನೇ ಕಾಗದದ ಮೇಲೆ ಬರೆದು ಕ್ಯಾಸೆಟ್ಟಿನ ಡಬ್ಬಿಯೊಳಗೆ ಸೇರಿಸಿ, ಜೊತೆಗೆ ತೇವ ಹೀರುವ ಸಿಲಿಕಾ ಜೆಲ್ಲಿನ ಒಂದು ಪೊಟ್ಟಣವಿಡಿ. ನನ್ನ ಕ್ಯಾಸೆಟ್ಟಿನಲ್ಲಿ ‘ಆಸ್ಟಿನ್, 80’ ಎಂಬ ಆ ಪೆನ್ಸಿಲಿನ ಬರಹವನ್ನು ಅಳಿಸದೆ ಅದರ ಕೆಳಗೆ ಹೀಗೆ ಬರೆದಿದ್ದೇನೆ: ‘ಸ್ಟೀವೀ ರೇ ವಾನ್, ಸ್ಟೀಮ್‌ಬೋಟ್ 1874, ಏಪ್ರಿಲ್ 1, 1980. ಕೆಎಲ್‌ಬಿಜೆ ಎಫ್‌ಎಂ ಪ್ರಸಾರದಿಂದ ಬಂದ ನಕಲಿನ ನಕಲು. ಗುಂಯ್ ಸದ್ದು 62.4, ವೇಗವನ್ನು 0.9615ಕ್ಕೆ ಇಳಿಸಿ ಕೇಳಬೇಕು. 50ರ ಸದ್ದು ಬೆಂಗಳೂರಿನದು, ಅಳಿಸಬಾರದು.’